ಸಹಾಯ ಬೇಕು: ಬೋರ್ಡ್ ಆಟದ ಪ್ರಚಾರಕ್ಕೆ ವಿಡಿಯೊ, ಫೋಟೊ

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ತಿದ್ದಿ ತೀಡಿ ರೂಪಿಸಿದ ಬೋರ್ಡ್ ಆಟವೊಂದನ್ನು, ಹೊಸ ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಜಾಲತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಮುಂದಿಡಲು ಹೊರಟಿದ್ದೇನೆ. ಅಲ್ಲಿ ಗುರಿಯ ಮೊತ್ತ ಪೂರ್ತಿ ಸೇರದಿದ್ದರೆ ಬಿಡಿಗಾಸೂ ಕೈಗೆ ಬರುವುದಿಲ್ಲ. ಹಾಗಾಗಿ ಪುಟ ತೆರೆದವರ ಕಣ್ಣಿಗೆ ಮೊದಲು ಬೀಳುವ ವಿಡಿಯೊ ಮನಸ್ಸಿಗೆ ನಾಟಲೇಬೇಕು.

ಕಂಪ್ಯೂಟರ್‌ನಲ್ಲಿ ಬಿಡಿಸಿದ ಚಿತ್ರಗಳಿಗಿಂತ ನನ್ನ ಕೈಯಲ್ಲಿರುವ ಮಾದರಿಯನ್ನೇ ತೋರಿಸುವ ಆಸೆ. ಆದರೆ ಕಾರ್ಡುಗಳ ಹೊಳಪು ಕಾಡುತ್ತಿದೆ. ಮೇಲಿನಿಂದ ದೀಪ ಬಿಟ್ಟರೆ ಅಕ್ಷರಗಳ ಮೇಲೆಯೇ ಬಿಳಿ ಮಚ್ಚೆ ಕೂರುತ್ತದೆ. ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿ, ಪಕ್ಕದ ಬೆಳಕಿನಲ್ಲಿ ತೆಗೆದಾಗ ಮಚ್ಚೆ ಹೋಯಿತು. ಮರದ ಕಾಯಿಗಳ ಕೆಂಪು ಮಾತ್ರ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಹೊಳಪು ತಗ್ಗಿಸಲು ಲೆನ್ಸ್‌ ಮುಂದೆ ಹಾಕುವ ಪೋಲರೈಸಿಂಗ್ ಫಿಲ್ಟರ್ ಬಳಸಿದವರಿದ್ದರೆ ದಯವಿಟ್ಟು ಅನುಭವ ಹೇಳಿ.

ವಿಡಿಯೊ ಎರಡು ನಿಮಿಷ ಮೀರಬಾರದು. ನಿಯಮ ವಿವರಿಸುವುದರಿಂದ ಶುರು ಮಾಡಬೇಕೇ, ದಾಳ ಉರುಳುವಾಗ ಆಟಗಾರರ ಮುಖದಲ್ಲಿ ಮೂಡುವ ಕಾತರದಿಂದಲೇ? ನನಗೆ ಎರಡನೆಯದೇ ಇಷ್ಟ. ನಿಯಮಗಳನ್ನು ಬೇರೊಂದು ವಿಡಿಯೊದಲ್ಲಿ ನಿಧಾನವಾಗಿ ಹೇಳಬಹುದು.

ಚಿತ್ರೀಕರಣ, ಸಂಕಲನ ಬಲ್ಲವರು ಜೊತೆಗೂಡಿದರೆ ಸಂಭಾವನೆ ಕೊಡುತ್ತೇನೆ, ಪೆಟ್ಟಿಗೆಯ ಮೇಲೆ ಹೆಸರನ್ನೂ ಅಚ್ಚು ಹಾಕಿಸುತ್ತೇನೆ. ನೀವು ಹಿಂದೆ ಮಾಡಿದ ಒಂದೆರಡು ಕೆಲಸಗಳನ್ನು ಇಲ್ಲೇ ಕೆಳಗೆ ಹಾಕಿ.