ಪದಚರ್ಚೆ: ‘ಲೆನ್ಸ್ ಹಾಕಿದ್ದಾರಾ’ ಅಂದರೆ ಯಾವ ಲೆನ್ಸ್?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಐಸಿಯು ಹೊರಗೆ ಕಾಯುವ ಮನೆಯವರಿಗೆ ಕೇಳುವ ಪ್ರಶ್ನೆಗಳ ಕನ್ನಡ ನಮೂನೆಯೊಂದನ್ನು ತಿದ್ದುತ್ತಿದ್ದೇನೆ. ಎಚ್ಚರ ತಪ್ಪಿದವರ ಬಗ್ಗೆ ಅದರಲ್ಲೊಂದು ಪ್ರಶ್ನೆ: ‘ಕಣ್ಣಿಗೆ ಲೆನ್ಸ್ ಹಾಕಿದ್ದಾರಾ?’ ನಮ್ಮ ಕಡೆ ಇದಕ್ಕೆ ‘ಹೂಂ, ಹೋದ ವರ್ಷ ಹಾಕ್ಸೀವಿ’ ಅನ್ನುವವರೇ ಹೆಚ್ಚು. ಅವರ ಮನಸ್ಸಿನಲ್ಲಿರುವುದು ಪೊರೆ ಆಪರೇಷನ್ನಿನಲ್ಲಿ ಕಣ್ಣೊಳಗೆ ಕೂರಿಸಿದ ಲೆನ್ಸ್. ಅದು ಅಲ್ಲೇ ಇರಬೇಕಾದ್ದು. ನರ್ಸಿಗೆ ಬೇಕಾದದ್ದು ಮೇಲೆ ಕೂತಿರುವ, ಬೇಗ ತೆಗೆಯಬೇಕಾದ ಕಾಂಟ್ಯಾಕ್ಟ್ ಲೆನ್ಸಿನ ಸುದ್ದಿ.

ಬೇಗ ಯಾಕೆಂದರೆ, ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ರಕ್ತನಾಳಗಳಿಲ್ಲ, ಆಮ್ಲಜನಕ ಬಹುಪಾಲು ಗಾಳಿಯಿಂದಲೇ ಸಿಗಬೇಕು, ಮೇಲೆ ಕೂತ ಲೆನ್ಸ್ ಅದಕ್ಕೆ ಅಡ್ಡ. ಎಚ್ಚರವಿಲ್ಲದವರು ರೆಪ್ಪೆ ಬಡಿಯುವುದಿಲ್ಲ. ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚಿರುವುದೂ ಇಲ್ಲ. ಕಣ್ಣು ಒಣಗಿ ಲೆನ್ಸ್ ಅಂಟಿಕೊಂಡರೆ ಗೀರು, ಸೋಂಕು, ಹುಣ್ಣು. ವಾಸಿಯಾದರೂ ಹಳ್ಳಿಯವರು ‘ಹೂ ಬಿದ್ದಿದೆ’ ಅನ್ನುವ ಬಿಳಿ ಕಲೆ ಉಳಿಯಬಹುದು. ಸಲೈನ್ ಹನಿಸಿ ತೆಗೆದು, ಎಡ ಬಲ ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಡುತ್ತಾರೆ. ಕಣ್ಣಿಗೇ ಪೆಟ್ಟಾಗಿದ್ದರೆ ಮಾತ್ರ ಮುಟ್ಟದೆ ಕಣ್ಣಿನ ಡಾಕ್ಟರನ್ನು ಕರೆಯಬೇಕು. ಮನೆಯವರು ಏನೇ ಹೇಳಲಿ, ಟಾರ್ಚ್ ಹಿಡಿದು ನೋಡುವುದು ತಪ್ಪುವುದಿಲ್ಲ. ಬಣ್ಣದ ಲೆನ್ಸ್ ಹಾಕುವ ಮಗಳ ವಿಷಯ ಅಪ್ಪನಿಗೆ ಗೊತ್ತೇ ಇರುವುದಿಲ್ಲ.

ಪಠ್ಯಪುಸ್ತಕದ ‘ಸ್ಪರ್ಶ ಮಸೂರ’ವನ್ನು ನಮೂನೆಯಿಂದ ಹೊಡೆದುಹಾಕಿದ್ದೇನೆ. ಆಸ್ಪತ್ರೆ ಜಗಲಿಯಲ್ಲಿ ಮಸೂರ ಅಂದರೆ ಬೇಳೆ. (ಲ್ಯಾಟಿನ್‌ನ ‘ಲೆನ್ಸ್’ ಕೂಡ ಅದೇ ಬೇಳೆ ಅನ್ನುವುದು ಬೇರೆ ಮಾತು.)

ಉತ್ತರ ಕೊಡುವವರ ಕ್ರಿಯಾಪದದಲ್ಲೇ ದಾರಿ ಇದೆ ಅನ್ನಿಸುತ್ತದೆ. ಒಳಗಿನದನ್ನು ಜನ ‘ಹಾಕಿಸುತ್ತಾರೆ’, ಮೇಲಿನದನ್ನು ‘ಹಾಕಿಕೊಳ್ಳುತ್ತಾರೆ’. ‘ಹಾಕಿದ್ದಾರಾ’ ಎರಡಕ್ಕೂ ಒಗ್ಗುವುದರಿಂದಲೇ ಎಡವಟ್ಟು. ಆದರೆ ಗಾಬರಿಯಲ್ಲಿರುವವರ ಕಿವಿಗೆ ‘ಹಾಕಿಸಿಕೊಂಡಿದ್ದಾರಾ’, ‘ಹಾಕಿಕೊಂಡಿದ್ದಾರಾ’ ಒಂದೇ ಥರ ಕೇಳಿಸೀತು. ಹಾಗಾಗಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಕನ್ನಡಕದ ಬದಲು ಅಥವಾ ಅಲಂಕಾರಕ್ಕೆ ಹಾಕಿಕೊಂಡು, ಆಮೇಲೆ ತೆಗೆದಿಡೋ ಲೆನ್ಸ್ ಕಣ್ಣಲ್ಲಿ ಐತಾ?’

ಉದ್ದವಾಯಿತು, ಒಪ್ಪುತ್ತೇನೆ. ಬರೀ ‘ತೆಗೆದಿಡೋ ಲೆನ್ಸ್’ ಅಂದರೆ ನಿಮ್ಮ ಊರಲ್ಲಿ ತಿಳಿಯುತ್ತದೆಯೇ? ಚಿತ್ರದುರ್ಗ, ಹೊಸದುರ್ಗದ ಕಡೆಯ ನರ್ಸುಗಳು, ಕನ್ನಡಕದ ಅಂಗಡಿಯವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ಅದನ್ನೇ ಹಾಕುತ್ತೇನೆ, ದಯವಿಟ್ಟು ತಿಳಿಸಿ.