ನಲ್ಲಿಗೂ ಒಂದು ಹೂವಿನ ಪಟ

"ಬಾವಿಯ ನೀರನ್ನು ಸೇದಿ ಕುಡಿಯುವುದು ಬಿಟ್ಟು ಅದಕ್ಕೆ ಹೂವಿನ ಅಲಂಕಾರ ಮಾಡುತ್ತ ಕೂರುವವರಿಗೆ ಬೇರೆ ಕೆಲಸವಿಲ್ಲವೇ?" ಎಂದು ವಕೀಲರು ಕೇಳಿದ್ದೇ ತಡ, ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಹಳ್ಳಿಗಳ ಪರವಾಗಿ ಮೇಷ್ಟ್ರು ವಕಾಲತ್ತು ವಹಿಸಿಬಿಟ್ಟರು.

"ಟಿಸಿಂಗ್ಟನ್ ಹಳ್ಳಿಯವರು ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ತಮ್ಮ ಬಾವಿಗಳನ್ನು ಸಿಂಗರಿಸುತ್ತಾರೆ. 1348–49ರ ಮಹಾಮಾರಿಯಿಂದ ಊರನ್ನು ಉಳಿಸಿದ್ದು ಈ ಬಾವಿಗಳ ಶುದ್ಧ ನೀರೇ ಎಂದು ಕೆಲವರು, 1615ರ ಬರಗಾಲದಲ್ಲೂ ಇವು ಬತ್ತಲಿಲ್ಲವೆಂಬ ಕೃತಜ್ಞತೆಯೇ ಕಾರಣವೆಂದು ಇನ್ನು ಕೆಲವರು ಹೇಳುತ್ತಾರೆ."

"ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಪ್ರಕರಣ ವಜಾ."

"ಬಾವಿಯಲ್ಲಿ ನೀರಿತ್ತೆಂಬುದನ್ನು ಇಬ್ಬರೂ ಒಪ್ಪುತ್ತಾರಲ್ಲ ಸ್ವಾಮಿ, ಅಷ್ಟು ಸಾಲದೇ?"

ಕತೆಗಿಂತ ಕಸುಬಿನಲ್ಲೇ ಹೆಚ್ಚು ಸ್ವಾರಸ್ಯವಿದೆ ಎಂಬುದು ನನ್ನ ಅಭಿಪ್ರಾಯವಾದ್ದರಿಂದ ನಾನು ಚಿತ್ರಕಾರ ಮಿತ್ರನ ಕಡೆಗೆ ತಿರುಗಿದೆ. ಅವನು ಕಾಯುತ್ತಲೇ ಇದ್ದ. ಹೂವಿನ ಚಿತ್ರ ಮೂಡಿಸಿ ಬಾವಿಯ ಬಳಿ ನಿಲ್ಲಿಸುವ ಮರದ ಹಲಗೆಗಳನ್ನು ಹಲವು ದಿನ ಕೊಳದಲ್ಲೋ ಹೊಳೆಯಲ್ಲೋ ನೆನೆಹಾಕುವುದು, ಬೇಗ ಒಣಗದಿರಲೆಂದು ಉಪ್ಪು ಬೆರೆಸಿದ ಜೇಡಿಮಣ್ಣನ್ನು ಅವುಗಳ ಮೇಲೆ ಮೆತ್ತುವುದು, ಚಿತ್ರ ಬರೆದ ಕಾಗದವನ್ನು ಹಾಸಿ ಗೆರೆಗುಂಟ ಸೂಜಿಯಿಂದ ಚುಚ್ಚಿ ಮಣ್ಣಿಗೆ ಇಳಿಸುವುದು, ಆ ಚುಕ್ಕಿಗಳ ಮೇಲೆ ಬೀಜಗಳನ್ನೂ ಆಲ್ಡರ್ ಮರದ ಪುಟ್ಟ ಕಾಯಿಗಳನ್ನೂ ಒತ್ತಿ ಅಂಚು ಕಟ್ಟುವುದು, ಇಷ್ಟೆಲ್ಲ ಆದ ಮೇಲೆ ಎಸಳಿನ ಸರದಿ ಬರುತ್ತದೆ ಎಂದ. "ಒಂದೊಂದೇ ಎಸಳನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿಕೊಳ್ಳುವಂತೆ ಒತ್ತಬೇಕು, ಆಗಲೇ ಮಳೆ ಬಂದರೆ ನೀರು ಜಾರಿಹೋಗುತ್ತದೆ. ಪಾಚಿ, ಕಲ್ಲುಹೂವು, ತೊಗಟೆ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ."

"ಇಷ್ಟು ಬೆನ್ನು ಬಗ್ಗಿಸಿದ್ದು ಎಷ್ಟು ದಿನ ಬಾಳುತ್ತದೆ?" ಎಂದರು, ನಿವೃತ್ತ ಬ್ಯಾಂಕ್ ಮ್ಯಾನೇಜರರು.

"ಸುಮಾರು ಒಂದು ವಾರ."

"ಬಡ್ಡಿ ಹಾಗಿರಲಿ, ಅಸಲೇ ಬಾಡಿಹೋಗುವ ಠೇವಣಿಯಾಯಿತಲ್ಲ!"

"ಬಾಡುವುದರಿಂದಲೇ ಪ್ರತಿವರ್ಷ ಊರೆಲ್ಲ ಮತ್ತೆ ಸೇರುವುದು," ಎಂದು ಮೇಷ್ಟ್ರು ಗದರಿದರು. "ಅವರು ಬಾವಿಗಷ್ಟೇ ನಿಲ್ಲಲಿಲ್ಲ. ವರ್ಕ್ಸ್‌ವರ್ತ್ ಪಟ್ಟಣದವರು ಕೊಳವೆ ನೀರು ಬಂದ ಸಂತೋಷಕ್ಕೆ 1827ರಲ್ಲಿ ನಲ್ಲಿಗಳನ್ನೇ ಸಿಂಗರಿಸಿದರು. ಡೆವನ್‌ಶೈರಿನ ಡ್ಯೂಕ್ ಮಾರುಕಟ್ಟೆಗೆ ನೀರು ತರಿಸಿಕೊಟ್ಟನೆಂದು 1840ರಲ್ಲಿ ಬಕ್ಸ್‌ಟನ್ನಿನವರೂ ಅದೇ ದಾರಿ ಹಿಡಿದರು."

ವಕೀಲರು ಕನ್ನಡಕ ಸರಿಪಡಿಸಿಕೊಂಡರು. "ನಲ್ಲಿಗೆ ಹೂವು ಸರಿ, ನೀರಿನ ಬಿಲ್ಲಿಗೆ?"

"ಎಸಳೆಲ್ಲ ನಲ್ಲಿಗೇ ಮುಗಿದಿರುತ್ತದೆ ವಕೀಲರೇ," ಎಂದ ಚಿತ್ರಕಾರ, "ಬಿಲ್ಲಿಗೆ ಪಾಚಿ ಮೆತ್ತಿದರಾಯಿತು."