ಡಿ90ಯಲ್ಲಿ ಐಎಸ್‌ಒ 200 ಬಿಟ್ಟು ‘ಲೋ 1’ಕ್ಕೆ ಇಳಿಸಬಹುದಾ?

ಸಾಗರದ ಹುಡುಗ:
ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ90 ಕ್ಯಾಮೆರಾ ತಗೊಂಡಿದ್ದೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ನಂಬರ್) ಕಡಿಮೆ ಇದ್ದಷ್ಟೂ ಫೋಟೋ ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇದರಲ್ಲಿ 200ರ ಕೆಳಗೆ 100 ಇಲ್ಲ, ‘ಲೋ 1’ ಅಂತ ಇದೆ. ಜೋಗದಲ್ಲಿ ನೀರು ನುಣುಪಾಗಿ ಕಾಣುವ ಫೋಟೋ ಬೇಕು. ಲೋ 1 ಇಟ್ಟರೆ ಶಟರ್ ನಿಧಾನವಾಗುತ್ತದೆ, ನಾಯ್ಸೂ (ಫೋಟೋದಲ್ಲಿ ಕಾಣುವ ಕಾಳುಕಾಳು) ಕಡಿಮೆ. ಆದರೆ ನೀರು ಸುಣ್ಣ ಬಳಿದ ಹಾಗೆ ಬರುತ್ತಿದೆ. ಯಾಕೆ?

ಹಳೇ ಸ್ಟುಡಿಯೋ:
ಬೆಳಕು ಹಿಡಿಯುವ ಸೆನ್ಸರ್‌ಗೆ ಲೋ 1 ಅನ್ನುವುದೇ ಗೊತ್ತಿಲ್ಲ ಮಾರಾಯ್ರೆ. ಅದರ ಬೇಸ್ ಐಎಸ್‌ಒ, ಅಂದರೆ ಸೆನ್ಸರ್‌ನ ಸಹಜ ಮಟ್ಟ, 200. ಲೋ 1 ಹಾಕಿದಾಗ ಬೆಳಕು ಅಳೆಯುವ ಮೀಟರ್ 100 ಅಂದುಕೊಂಡು ಎರಡು ಪಟ್ಟು ಬೆಳಕು ಬಿಡುತ್ತದೆ. ಸೆನ್ಸರ್ ಮಾತ್ರ 200ರಲ್ಲೇ ಇರುತ್ತದೆ. ಆಮೇಲೆ ಲೆಕ್ಕದಲ್ಲಿ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸುತ್ತಾರೆ. ಅಷ್ಟರಲ್ಲಿ ಬಿಳಿ ನೀರು ಬಿದ್ದ ಪಿಕ್ಸೆಲ್‌ಗಳು ತುಂಬಿ ಹೋಗಿರುತ್ತವೆ. ರಾ ಫೈಲ್ (ಸೆನ್ಸರ್‌ನ ಕಚ್ಚಾ ದಾಖಲೆ) ಇದ್ದರೂ ಆ ವಿವರ ವಾಪಸ್ ಬರುವುದಿಲ್ಲ. ನಿಕಾನ್ ಮ್ಯಾನುಯಲ್‌ನಲ್ಲೇ ಇದೆ, ಲೋ ಇಟ್ಟರೆ ಕಾಂಟ್ರಾಸ್ಟ್ ಸ್ವಲ್ಪ ಜಾಸ್ತಿ, ಹೆಚ್ಚಿನ ಸಲ 200 ಅಥವಾ ಮೇಲೆ ಇಡಿ ಅಂತ. ಸೆಕೆಂಡ್‌ಹ್ಯಾಂಡ್ ಜೊತೆ ಮ್ಯಾನುಯಲ್ ಯಾರು ಕೊಡುತ್ತಾರೆ ಬಿಡಿ.

ಇನ್ನು ನಾಯ್ಸ್. ಅದು ಕಡಿಮೆಯಾಗಿದ್ದು ನಂಬರ್ ಇಳಿದಿದ್ದಕ್ಕಲ್ಲ, ಬೆಳಕು ಜಾಸ್ತಿ ಬಿದ್ದಿದ್ದಕ್ಕೆ. ಬೆಳಕು ನಾಲ್ಕು ಪಟ್ಟಾದರೆ ಅದರ ನಾಯ್ಸ್ ಎರಡೇ ಪಟ್ಟು ಏರುತ್ತದೆ. ಅದಕ್ಕೇ ಚಿತ್ರ ಕ್ಲೀನ್ ಕಾಣುವುದು. 2017ರ ನಿಕಾನ್ ಡಿ850 ಕ್ಯಾಮೆರಾದಲ್ಲಿ ಬೇಸ್ 64 ಇದೆ. ಅದು ನಿಜವಾದ 64, ಆ ಸೆನ್ಸರ್‌ಗೆ ಅಷ್ಟು ಬೆಳಕು ಹಿಡಿಯುವ ತಾಕತ್ತಿದೆ. ನಿಮ್ಮ ಲೋ 1 ಹೆಸರಿಗೆ ಮಾತ್ರ 100.

ಮಂಜಿನ ಬೆಟ್ಟ:
ಅಣ್ಣ, ಲೋ 1 ಪೂರ್ತಿ ದಂಡ ಅನ್ನಬೇಡಿ. ಆಗುಂಬೆಯಲ್ಲಿ ಮಂಜು ಕವಿದಾಗ ಎಷ್ಟೋ ಸಲ ಫ್ರೇಮ್‌ನಲ್ಲಿ ತೀರಾ ಬಿಳಿ ಯಾವುದೂ ಇರುವುದಿಲ್ಲ. ಆಗ ಇಟ್ಟರೆ ನೆರಳು ಭಾಗ ಚೆನ್ನಾಗಿ ಬರುತ್ತದೆ.

ಹಳೇ ಸ್ಟುಡಿಯೋ:
ಸರಿ, ಒಪ್ಪಿದೆ. ಆದರೆ 200ರಲ್ಲೇ ಇಟ್ಟು ಒಂದು ಸ್ಟಾಪ್ ಜಾಸ್ತಿ ಕೊಟ್ಟು, ಕಂಪ್ಯೂಟರ್‌ನಲ್ಲಿ ಇಳಿಸಿದರೂ ಅದೇ ಕೆಲಸ ಆಗುತ್ತದೆ. ಜೋಗದಲ್ಲಿ ಕಪ್ಪು ಬಂಡೆ, ಪಕ್ಕದಲ್ಲೇ ಬಿಳಿ ನೀರು. ಅಲ್ಲಿ ಎರಡೂ ಬೇಡ.

ಸಾಗರದ ಹುಡುಗ:
ಹಾಗಾದರೆ ಶಟರ್ ನಿಧಾನ ಮಾಡುವುದು ಹೇಗೆ ಸರ್? ಲೆನ್ಸಿನ ಕಿಂಡಿ ಎಫ್‌22ಕ್ಕೆ ಮುಚ್ಚಲಾ?

ಹಳೇ ಸ್ಟುಡಿಯೋ:
ಅಷ್ಟು ಮುಚ್ಚಿದರೆ ಡಿಫ್ರ್ಯಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಶಾರ್ಪ್‌ನೆಸ್ ಹೋಗುತ್ತದೆ. ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ತಗೊಳ್ಳಿ, ಎನ್‌ಡಿ64 ಅಂತ ಕೇಳಿ. ಒಳ್ಳೇ ಬಿಸಿಲಲ್ಲಿ 200, ಎಫ್‌11ಕ್ಕೆ ಸುಮಾರು 1/400 ಸೆಕೆಂಡ್ ಬರುತ್ತದೆ. ಫಿಲ್ಟರ್ ಹಾಕಿದರೆ 1/6 ಹತ್ತಿರ. ಮಳೆಗಾಲದ ಮೋಡದಲ್ಲಿ ಇನ್ನೂ ನಿಧಾನ. ಟ್ರೈಪಾಡ್ ಬೇಕೇ ಬೇಕು. ಪ್ಲೇಬ್ಯಾಕ್‌ನಲ್ಲಿ ಹೈಲೈಟ್ಸ್ ಆನ್ ಮಾಡಿ, ತೀರಾ ಬೆಳ್ಳಗಾದ ಜಾಗ ಮಿನುಗುತ್ತದೆ. ನೀರು ಮಿಣಮಿಣ ಅಂದರೆ ಬೆಳಕು ಸ್ವಲ್ಪ ಇಳಿಸಿ ಮತ್ತೆ ತೆಗೆಯಿರಿ. ಫಿಲ್ಟರ್ ಕೊಳ್ಳುವ ಮುಂಚೆ ಲೆನ್ಸ್ ಅಳತೆ ನೋಡಿಕೊಳ್ಳಿ. ಕಿಟ್‌ನ 18-105 ಆದರೆ 67 ಎಂಎಂ.